ಹುರುಪು ಇಳಿದ ಮೇಲೆ

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ವ್ಯಾಯಾಮ ಬಿಟ್ಟುಹೋಗುವುದರ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಬರೆದ ರಾಶಿ ಪ್ರಬಂಧಗಳ ಅರ್ಧ ಸಾರ ಈ ಗಾದೆಯಲ್ಲೇ ಇದೆ. ಯುಗಾದಿಗೆ ಬೂಟು ಕೊಂಡವರು ಕಾರಹುಣ್ಣಿಮೆ ಹೊತ್ತಿಗೆ ಅದನ್ನು ಹೊಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಉಳಿದ ಅರ್ಧವೇ ಕಷ್ಟದ್ದು. ಅಗಸ ಯಾಕೆ ಸುಸ್ತಾದ? ಕೆಲವರು ಮೂವತ್ತು ವರ್ಷವಾದರೂ ಯಾಕೆ ಸುಸ್ತಾಗುವುದಿಲ್ಲ?

ಈ ಪ್ರಶ್ನೆ ಕೇಳಲು ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ಒಳ್ಳೆಯ ಜಾಗ. ಹೆಸರಿನಲ್ಲೇ ಬೆಲ್ಲ, ಊರಲ್ಲಿ ಸಕ್ಕರೆ ಕಾರ್ಖಾನೆ, ಸುತ್ತ ಕಬ್ಬು. ಪೂರ್ವಕ್ಕೆ ಹೋದರೆ ಕರದಂಟಿನ ಗೋಕಾಕ, ಅದರಾಚೆ ಮೂಡಲಗಿ. ವಾಯವ್ಯಕ್ಕೆ ಗಡಿ ದಾಟಿದರೆ ಕುಸ್ತಿಯ ಕೊಲ್ಲಾಪುರ. ಈ ಸೀಮೆಯ ರಸ್ತೆಗಳಲ್ಲಿ ನಸುಕಿನಲ್ಲಿ ಮೂರು ಬಗೆಯ ಜನ ಕಾಣುತ್ತಾರೆ. ಮಿಲಿಟರಿ ಭರ್ತಿಗಾಗಿ ಓಡುವ ಹುಡುಗರು ಒಂದು ಬಗೆ. ಡಾಕ್ಟರು ಶುಗರ್ ರಿಪೋರ್ಟು ನೋಡಿ ಗದರಿಸಿದ ಮೇಲೆ ಮಫ್ಲರ್ ಸುತ್ತಿಕೊಂಡು ಹೊರಟ ನಡುವಯಸ್ಸಿನವರು ಇನ್ನೊಂದು. ಮೂರನೆಯವರು ಈಗ ಅಪರೂಪ: ತಾಲೀಮಿಗೆ ಹೊರಟ ಪೈಲ್ವಾನರು. ಒಬ್ಬರನ್ನು ಆಸೆ ಎಬ್ಬಿಸಿದೆ, ಇನ್ನೊಬ್ಬರನ್ನು ಭಯ, ಮೂರನೆಯವರನ್ನು ವಸ್ತಾದ, ಅಂದರೆ ತಾಲೀಮಿನ ಗುರು. ವ್ಯಾಯಾಮದ ಹುರುಪಿನ ಬಗ್ಗೆ ಇರುವ ವಾದಗಳೆಲ್ಲ ಹೆಚ್ಚುಕಡಿಮೆ ಈ ಮೂವರ ಸುತ್ತಲೇ ತಿರುಗುತ್ತವೆ.

ದುಡಿಮೆ ಬೇರೆ, ಸಾಮು ಬೇರೆ

‘ಹೊಲದಾಗ ದುಡಿಯೋರಿಗೆ ವ್ಯಾಯಾಮ ಯಾಕ?’ ಎಂಬ ಮಾತು ಈ ಭಾಗದಲ್ಲಿ ಇಂದಿಗೂ ಕೇಳುತ್ತದೆ. ಅದು ಸುಳ್ಳಲ್ಲ, ಹಳೆಯದಾಗಿದೆ ಅಷ್ಟೇ. 1977ರಲ್ಲಿ ಹಿಡಕಲ್ ಅಣೆಕಟ್ಟು ಪೂರ್ಣಗೊಂಡು ಘಟಪ್ರಭೆಯ ನೀರು ಕಾಲುವೆಗಳಿಗೆ ಹರಿದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಕಬ್ಬಿನಲ್ಲಿ ಮೈಮುರಿಯುವ ಕೆಲಸವೆಂದರೆ ಕಟಾವು. ಅದನ್ನು ಮಾಡುವುದು ಬೇರೆ ಕಡೆಯಿಂದ ಬರುವ ಕಟಾವಿನ ಗ್ಯಾಂಗುಗಳು. ಉಳುವುದು ಟ್ರ್ಯಾಕ್ಟರು, ನೀರು ಬಿಡುವುದು ಮೋಟರು, ಹೊಲಕ್ಕೆ ಒಯ್ಯುವುದು ಬೈಕು. ಅಜ್ಜ ಮಾಡಿದ ಕೆಲಸದ ಕಾಲು ಭಾಗವೂ ಇಲ್ಲದೆ, ಅಜ್ಜ ಉಂಡಷ್ಟೇ ರೊಟ್ಟಿ ಉಣ್ಣುವ ಮೊಮ್ಮಗ ಇಲ್ಲಿಯ ಮನೆಮನೆಯಲ್ಲೂ ಇದ್ದಾನೆ.

ಮೈಗೆಲಸಕ್ಕೂ ಎದೆಯ ಆರೋಗ್ಯಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲಿಗರು ಬ್ರಿಟನ್ನಿನ ಜೆರ್ರಿ ಮಾರಿಸ್. 1953ರಲ್ಲಿ ಅವರ ತಂಡ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಅಂಕಿಅಂಶ ಪ್ರಕಟಿಸಿತು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಟಿಕೆಟ್ ಕೊಡಲು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಗಮನಿಸಬೇಕಾದದ್ದೆಂದರೆ, ಆ ಕಂಡಕ್ಟರುಗಳಿಗೆ ಹುರುಪೇನೂ ಇರಲಿಲ್ಲ, ಸಂಬಳವಿತ್ತು. ದುಡಿಮೆ ಮೈಯಿಂದ ಕಳಚಿಕೊಂಡ ದಿನವೇ ‘ಮನಸ್ಸಾಗವಲ್ದು’ ಎಂಬ ಸಮಸ್ಯೆ ಹುಟ್ಟಿತು.

2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 49.4ರಷ್ಟು ಜನ 2022ರಲ್ಲಿ ಸಾಕಷ್ಟು ಮೈ ಆಡಿಸುತ್ತಿರಲಿಲ್ಲ. 2000ರಲ್ಲಿ ಈ ಪ್ರಮಾಣ ಶೇ 22.3 ಇತ್ತು. ‘ಸಾಕಷ್ಟು’ ಎಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮ ಅಥವಾ 75 ನಿಮಿಷದ ಬಿರುಸಿನ ಶ್ರಮ. ಹೊಲದ ಕೆಲಸ, ಮನೆಗೆಲಸ, ನಡೆದುಹೋಗುವುದು ಎಲ್ಲ ಈ ಲೆಕ್ಕದೊಳಗೇ ಸೇರುತ್ತವೆ.

ಗರಡಿಯ ಲೆಕ್ಕ

ದುಡಿಮೆಯಲ್ಲದ ಶ್ರಮವನ್ನು, ಅಂದರೆ ಸಾಮನ್ನು, ದಿನ ತಪ್ಪದೆ ಮಾಡಿಸುವ ವ್ಯವಸ್ಥೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಒಂದು ಭಾಗವೇ ಇದೆ. ಜಟ್ಟಿಗಳನ್ನು ವಯಸ್ಸು, ಬಲಗಳಿಂದ ವಿಂಗಡಿಸುವುದು, ಅವರ ಊಟ, ಅವರಿಗೆ ಭಾರ ಎತ್ತುವ ಶ್ರಮ, ನಡೆಯುವ ಶ್ರಮ, ಈಜುವ ಶ್ರಮ, ಕಂಬದ ಮೇಲಿನ ಶ್ರಮ ಎಂದು ಬಗೆಬಗೆಯ ಅಭ್ಯಾಸ, ಎಲ್ಲವೂ ಅಲ್ಲಿದೆ. ಖರ್ಚು ಅರಮನೆಯದು. ಜಟ್ಟಿಗೆ ಇವತ್ತು ಮನಸ್ಸಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ.

ಬೆಳಗಾವಿ ಸೀಮೆಯ ತಾಲೀಮುಗಳಿಗೆ ಹತ್ತಿರದ ಪ್ರೇರಣೆ ಬಂದದ್ದು ಕೊಲ್ಲಾಪುರದಿಂದ. ಶಾಹು ಮಹಾರಾಜರು (1874–1922) ಕುಸ್ತಿಗೆ ಹಣ, ಹಾಲು, ಮಣ್ಣು ಎಲ್ಲ ಕೊಟ್ಟರು. ಅವರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ಗಡಿ ಆಮೇಲೆ ಬಂತು, ಪೈಲ್ವಾನರ ಓಡಾಟ ನಿಲ್ಲಲಿಲ್ಲ. 1959ರಲ್ಲಿ ಹಿಂದ್ ಕೇಸರಿ ಗೆದ್ದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ಸೀಮೆಯ ಯಕ್ಸಂಬಾದವರು. ಹೆಸರು ಮಾಡಿದ್ದು ಕೊಲ್ಲಾಪುರದ ಮಣ್ಣಿನಲ್ಲಿ.

ತಾಲೀಮಿನೊಳಗೆ ಹೋಗಿ ನೋಡಿದರೆ ಹುರುಪನ್ನು ಒಬ್ಬನ ಮನಸ್ಸಿಗೆ ಬಿಡದಂತೆ ಎಷ್ಟು ಕಡೆಯಿಂದ ಕಟ್ಟಿಹಾಕಿದ್ದಾರೆ ಎಂಬುದು ತಿಳಿಯುತ್ತದೆ. ಹೊತ್ತು ಗೊತ್ತಾಗಿದೆ, ನಸುಕು ಮತ್ತು ಸಂಜೆ. ಜಾಗ ಗೊತ್ತಾಗಿದೆ: ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಂಪು ಮಣ್ಣು, ಗೋಡೆಗೆ ಹನುಮಪ್ಪನ ಫೋಟೊ. ಮಣ್ಣು ಅಗೆದು ಸಡಿಲಿಸುವುದೂ ಸಾಮಿನ ಭಾಗವೇ. ದಂಡ, ಬೈಠಕ್ ಎಷ್ಟು ಹೊಡೆಯಬೇಕೆಂದು ವಸ್ತಾದ ಹೇಳುತ್ತಾನೆ. ಜೋಡಿಯವನು ಬರದಿದ್ದರೆ ಇವನ ಜೋರೂ (ಕುಸ್ತಿ ಹಿಡಿಯುವ ಅಭ್ಯಾಸ) ತಪ್ಪುತ್ತದೆ, ಆದ್ದರಿಂದ ಬರದವನ ಮನೆಗೆ ಕರೆಯಲು ಆಳು ಹೋಗುತ್ತಾನೆ. ಖುರಾಕಿಗೆ ಮನೆಯವರು ಎಮ್ಮೆ ಹಾಲು ಮೀಸಲಿಟ್ಟಿದ್ದಾರೆ. ಅದನ್ನು ಕುಡಿದು ಮಲಗಿದರೆ ಅವ್ವನೇ ಬೈಯುತ್ತಾಳೆ. ಎಲ್ಲಕ್ಕೂ ಮೇಲೆ ಜಾತ್ರೆ ಇದೆ. ಕಣದಲ್ಲಿ ಊರಿಗೆ ಊರೇ ನೋಡುವ ದಿನ ಮೊದಲೇ ನಿಶ್ಚಯವಾಗಿದೆ. ಕುಸ್ತಿ ಬಾರದವನಿಗೆ ಸಂಗ್ರಾಣಿ ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯಗಳಿವೆ.

ಇದನ್ನೆಲ್ಲ ಹಾಡಿ ಹೊಗಳುವುದು ಸುಲಭ. ಆದರೆ ಗರಡಿಯ ಲೆಕ್ಕದಲ್ಲಿ ದೊಡ್ಡ ತೂತುಗಳಿವೆ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಮೂವತ್ತು ದಾಟಿ ಕಣ ಬಿಟ್ಟವನಿಗೂ ಇರಲಿಲ್ಲ. ಸಾಮು ನಿಂತಿತು, ಖುರಾಕು ನಿಲ್ಲಲಿಲ್ಲ ಎಂಬ ಸ್ಥಿತಿಯ ಮಾಜಿ ಪೈಲ್ವಾನನ ಹೊಟ್ಟೆಯನ್ನು ಈ ಕಡೆ ಯಾರಿಗೂ ಬಣ್ಣಿಸಿ ಹೇಳಬೇಕಿಲ್ಲ. ಸಂಸ್ಥಾನಗಳು ಹೋದ ಮೇಲೆ ಹಾಲಿನ ಖರ್ಚು ಹೊರುವವರೂ ಕಡಿಮೆಯಾದರು.

ಶಿಸ್ತಿನ ಪಂಥ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇನ್ನೊಂದು ವಿಚಾರ ಬಲ ಪಡೆಯಿತು: ಮೈ ದಂಡಿಸುವುದು ದೇಶದ ಕೆಲಸ. ಇದರ ದೊಡ್ಡ ಹೆಸರು ಈ ಸೀಮೆಗೇ ಸೇರಿದ್ದು. ಡಾ. ನಾ. ಸು. ಹರ್ಡೀಕರ್ (1889–1975) 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಸ್ವಯಂಸೇವಕರು ದುಡಿದರು. ಕವಾಯತು, ಸೀಟಿ, ಸಾಲು, ಸಮವಸ್ತ್ರ ಅವರ ಸಾಧನಗಳು. ಗೋಕಾಕ ತಾಲ್ಲೂಕಿನ ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದ ಜೊತೆಗೂ ಹರ್ಡೀಕರ್ ಅವರಿಗೆ ನಂಟಿತ್ತು.

ಅದೇ ಕಾಲದಲ್ಲಿ ಸಾತಾರಾ ಬಳಿಯ ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಶಾಲೆಗಳಿಗೆ ತಂದ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ 1930ರ ದಶಕದಲ್ಲಿ ನಡೆಯಿತು, ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅವರ ಶಿಷ್ಯರು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಊರೂರಿನಲ್ಲಿ ಶಿಬಿರ ಹಾಕಿ ಆಸನ ಕಲಿಸಿದರು. ಬೆಂಗಳೂರಿನ ಕೆ.ವಿ. ಅಯ್ಯರ್, ಹೌದು, ‘ಶಾಂತಲಾ’ ಕಾದಂಬರಿ ಬರೆದವರೇ, ವ್ಯಾಯಾಮಶಾಲೆ ನಡೆಸುವುದರ ಜೊತೆಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಇಂದಿನ ಮೊಬೈಲ್ ಆ್ಯಪುಗಳ ಮುತ್ತಜ್ಜ ಎಂದರೆ ಆ ಅಂಚೆ ಲಕೋಟೆ.

ಈ ಪಂಥ ವಿವರಿಸುವುದು ಒಂದನ್ನು ಮಾತ್ರ: ದೊಡ್ಡ ಉದ್ದೇಶವೊಂದು ಎದುರಿಗಿದ್ದಾಗ ಜನ ಏಳುತ್ತಾರೆ. ಇಂದು ನಸುಕಿನಲ್ಲಿ ಓಡುವ ಹುಡುಗರಿಗೂ ಅದೇ ಅನ್ವಯಿಸುತ್ತದೆ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ ಅಂಕ ಎಂಬ ನಿಯಮ ಬಹುಕಾಲ ಇತ್ತು. ಆ ಐದೂವರೆ ನಿಮಿಷಕ್ಕಾಗಿ ಎರಡು ವರ್ಷ ಓಡಿದವರು ಹಳ್ಳಿಹಳ್ಳಿಯಲ್ಲಿದ್ದಾರೆ. 2022ರಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದಾಗ ವಯೋಮಿತಿ ಹದಿನೇಳೂವರೆಯಿಂದ ಇಪ್ಪತ್ತೊಂದು ಎಂದಿತ್ತು. ವಯೋಮಿತಿ ದಾಟಿದವನ ಬೂಟಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಶಿಸ್ತಿನ ಪಂಥದ ಬಳಿ ಉತ್ತರವಿಲ್ಲ.

ಕಾಸು ಕೊಟ್ಟರೆ?

1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ವಿದ್ಯಾರ್ಥಿಗಳಿಗೆ ಒಗಟಿನ ತುಂಡುಗಳನ್ನು ಜೋಡಿಸಲು ಕೊಟ್ಟರು. ದುಡ್ಡು ಪಡೆದು ಜೋಡಿಸಿದವರು, ದುಡ್ಡು ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಆ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಮುಂದೆ ರಿಚರ್ಡ್ ರಯಾನ್ ಜೊತೆ ಅವರು ಬೆಳೆಸಿದ ಸಿದ್ಧಾಂತದ ತಿರುಳು ಇಷ್ಟು: ತಾನೇ ಆರಿಸಿಕೊಂಡೆ, ತನಗೆ ಬರುತ್ತದೆ, ತನ್ನವರು ಜೊತೆಗಿದ್ದಾರೆ ಎಂಬ ಮೂರು ಭಾವನೆಗಳಿದ್ದಲ್ಲಿ ಹುರುಪು ಬಾಳುತ್ತದೆ, ಹೊರಗಿನ ಲಂಚ ಅದನ್ನು ಕೊಲ್ಲುತ್ತದೆ.

ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ. 2009ರಲ್ಲಿ ಗ್ಯಾರಿ ಚಾರ್ನೆಸ್ ಮತ್ತು ಯೂರಿ ನೀಝಿ ಪ್ರಕಟಿಸಿದ ಪ್ರಯೋಗದಲ್ಲಿ, ತಿಂಗಳಲ್ಲಿ ಎಂಟು ಬಾರಿ ಜಿಮ್ಮಿಗೆ ಹೋಗಲು ದುಡ್ಡು ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೂ ಹೆಚ್ಚಾಗಿ ಹೋಗುತ್ತಿದ್ದರು. ಅದರಲ್ಲೂ ಮೊದಲು ಜಿಮ್ಮಿಗೆ ನಿಯಮಿತವಾಗಿ ಹೋಗದಿದ್ದವರು. ಒಗಟು ಮೊದಲಿಂದಲೂ ರಂಜನೆಯದು, ಬೈಠಕ್ ಹಾಗಲ್ಲ. ಎರಡು ಫಲಿತಾಂಶಗಳ ನಡುವಿನ ಅಂತರಕ್ಕೆ ಇದೇ ಕಾರಣ ಇರಬಹುದು.

ಹಣ ಕೊಡುವುದು ಬೇರೆ, ಕಟ್ಟುವುದು ಬೇರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್ಮುಗಳ 7,752 ಸದಸ್ಯರ ಹಾಜರಿ ಪರಿಶೀಲಿಸಿ 2006ರಲ್ಲಿ ಬರೆದದ್ದು ಯಾರಿಗಾದರೂ ತಟ್ಟುವಂತಿದೆ. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ ಹೋಗುತ್ತಿದ್ದದ್ದು ತಿಂಗಳಿಗೆ 4.3 ಬಾರಿ. ಅಂದರೆ ಒಂದು ಸಲಕ್ಕೆ 17 ಡಾಲರ್. ಅದೇ ಜಿಮ್ಮಿನಲ್ಲಿ ಹತ್ತು ಸಲದ ಪಾಸು ಕೊಂಡಿದ್ದರೆ ಸಲಕ್ಕೆ ಹತ್ತೇ ಡಾಲರ್. ‘ರೊಕ್ಕ ಕಟ್ಟೇನಿ, ಇನ್ನ ಹೋಗಬೇಕಾಗ್ತದ’ ಎಂದು ವರ್ಷದ ಫೀಸು ಒಮ್ಮೆಗೇ ಕಟ್ಟಿ, ನಾಳೆಯ ತನ್ನನ್ನು ಇವತ್ತಿಗಿಂತ ಒಳ್ಳೆಯವನೆಂದು ನಂಬುವ ಆರಂಭಶೂರ ಎಲ್ಲ ದೇಶದಲ್ಲೂ ಇದ್ದಾನೆ.

ಎಲ್ಲ ವಾದಗಳನ್ನೂ ಒಂದೇ ಕಣಕ್ಕೆ ಇಳಿಸಿದ ಪ್ರಯತ್ನ 2021ರದು. ಕೇಟಿ ಮಿಲ್ಕ್‌ಮನ್ ನೇತೃತ್ವದಲ್ಲಿ 30 ವಿಜ್ಞಾನಿಗಳು ಅಮೆರಿಕದ ಜಿಮ್ ಸರಣಿಯೊಂದರ 61,293 ಸದಸ್ಯರ ಮೇಲೆ 54 ಬಗೆಯ ಉಪಾಯಗಳನ್ನು ನಾಲ್ಕು ವಾರ ಪ್ರಯೋಗಿಸಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಶೇ 45ರಷ್ಟು ಉಪಾಯಗಳು ಹಾಜರಿಯನ್ನು ಶೇ 9ರಿಂದ 27ರವರೆಗೆ ಏರಿಸಿದವು. ನಾಲ್ಕು ವಾರ ಮುಗಿದ ಮೇಲೂ ಪರಿಣಾಮ ಉಳಿದದ್ದು ಶೇ 8ರಷ್ಟು ಉಪಾಯಗಳಲ್ಲಿ ಮಾತ್ರ. ಗೆದ್ದ ಉಪಾಯ ಕೇಳಿದರೆ ವಸ್ತಾದರು ನಗುತ್ತಾರೆ: ಒಂದು ದಿನ ತಪ್ಪಿಸಿ ಮರಳಿ ಬಂದವರಿಗೆ ಹತ್ತು ಸೆಂಟಿಗೂ ಕಡಿಮೆ ಬೆಲೆಯ ಬಹುಮಾನ. ಯಾವುದು ಗೆಲ್ಲುತ್ತದೆ ಎಂದು ಮೊದಲೇ ಊಹಿಸಲು ಹೇಳಿದಾಗ ಪಂಡಿತರೂ ಸೋತರು, ಜನಸಾಮಾನ್ಯರೂ ಸೋತರು.

ರೂಢಿ ಎಂಬ ವಾದ

ಹುರುಪನ್ನೇ ನೆಚ್ಚಬೇಡಿ, ರೂಢಿ ಮಾಡಿಕೊಳ್ಳಿ ಎನ್ನುವವರು ಇನ್ನೊಂದು ಗುಂಪು. ‘21 ದಿನದಲ್ಲಿ ಅಭ್ಯಾಸ’ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತಿಗೆ ಇವರ ಸಂಶೋಧನೆಯೇ ವಿರುದ್ಧವಿದೆ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿದಾಗ, ಹೊಸ ನಡೆ ತಾನಾಗಿ ಬರುವಂತಾಗಲು ಹಿಡಿದ ಮಧ್ಯದ ಅವಧಿ 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ 254 ಎಂಬ ಅಂದಾಜು. ನೀರು ಕುಡಿಯುವಂಥ ಸುಲಭದ ರೂಢಿಗಿಂತ ವ್ಯಾಯಾಮಕ್ಕೆ ಸುಮಾರು ಒಂದೂವರೆ ಪಟ್ಟು ಹೆಚ್ಚು ಕಾಲ ಬೇಕಾಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಮದುವೆ, ಗೃಹಪ್ರವೇಶದ ನೆಪಕ್ಕೆ ಒಂದು ದಿನ ಬಿಟ್ಟು, ‘ಇನ್ನ ಮುಗೀತು’ ಎಂದು ಪೂರ್ತಿ ಬಿಡುವವರು ಇದನ್ನು ಗಮನಿಸಬೇಕು.

ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇನ್ನೂ ಸರಳ. ವಿದ್ಯಾರ್ಥಿಗಳ ಒಂದು ಗುಂಪಿಗೆ ವ್ಯಾಯಾಮದ ಮಹತ್ವ ಓದಿಸಿದರು. ಇನ್ನೊಂದರಿಂದ ಅದರ ಜೊತೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆಸಿಕೊಂಡರು. ಮುಂದಿನ ವಾರ ಮಹತ್ವ ಓದಿದವರಲ್ಲಿ ಶೇ 35ರಷ್ಟು ಜನ ವ್ಯಾಯಾಮ ಮಾಡಿದ್ದರು, ಅದನ್ನು ಓದದ ಮೂರನೆಯ ಗುಂಪಿಗಿಂತ ಹೆಚ್ಚೇನಲ್ಲ. ಹೊತ್ತು, ಜಾಗ ಬರೆದವರಲ್ಲಿ ಶೇ 91. ಆದರೆ ಲೆಕ್ಕ ಇಟ್ಟದ್ದು ಒಂದೇ ವಾರದ್ದು.

ಅರ್ಧಬಲ

ಇನ್ನೊಂದು ವಾದ ತೀರ ಹಳೆಯದೂ ಹೌದು, ತೀರ ಹೊಸದೂ ಹೌದು. ವಾಗ್ಭಟನ ‘ಅಷ್ಟಾಂಗಹೃದಯ’ ಬಲಶಾಲಿಗಳಿಗೂ ಚಳಿ ಮತ್ತು ವಸಂತ ಕಾಲದಲ್ಲಿ ಅರ್ಧ ಶಕ್ತಿಯಷ್ಟು ಮಾತ್ರ ವ್ಯಾಯಾಮ ಹೇಳುತ್ತದೆ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಪ್ಯಾಂಟೆಲಿಮಾನ್ ಎಕೆಕಾಕಿಸ್ ಎಂಬ ಸಂಶೋಧಕರು ಇದೇ ಗೆರೆಯ ಹತ್ತಿರ ಬೇರೆ ದಾರಿಯಿಂದ ಬಂದರು. ಮಾತಾಡಲಾರದಷ್ಟು ಏದುಸಿರು ಬರುವ ಮಟ್ಟ ದಾಟಿದೊಡನೆ ಹೆಚ್ಚಿನವರಿಗೆ ಹಿತ ಕುಗ್ಗುತ್ತದೆ. ಹಿತವಾಗದ್ದಕ್ಕೆ ಮನಸ್ಸು ನಾಳೆ ಬರುವುದಿಲ್ಲ. ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಅನ್ನಕ್ಕಾಗಿಯೋ ಆಟಕ್ಕಾಗಿಯೋ ಅಲ್ಲದೆ ಸುಮ್ಮನೆ ಮೈ ದಣಿಸುವುದು ಮನುಷ್ಯನ ವಿಕಾಸದಲ್ಲೇ ಇರಲಿಲ್ಲ, ಸೋಮಾರಿತನಕ್ಕೆ ನಾಚಿಕೊಳ್ಳಬೇಕಿಲ್ಲ ಎಂಬುದು ಅವರ ಮಾತು.

ಈ ವಾದ ಮಫ್ಲರಿನ ಗುಂಪಿಗೆ ಹೇಳಿ ಮಾಡಿಸಿದ್ದು. ಮೊದಲ ದಿನವೇ ಐದು ಕಿಲೋಮೀಟರ್ ಬಿರುಸಾಗಿ ನಡೆದು ಮೀನಖಂಡ ಹಿಡಿಸಿಕೊಂಡವರಿಗಿಂತ, ಗೆಳೆಯನ ಜೊತೆ ಕಬ್ಬಿನ ಬಿಲ್ಲಿನ ವಿಷಯ ಮಾತಾಡುತ್ತ ಎರಡು ಕಿಲೋಮೀಟರ್ ಹೋಗಿಬರುವವರು ಮುಂದಿನ ಮಳೆಗಾಲಕ್ಕೂ ಕಾಣುತ್ತಾರೆ. ಆದರೆ ಪೈಲ್ವಾನರ ದಿನಚರಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಹಿತದ ಪ್ರಶ್ನೆಯೇ ಏಳುವುದಿಲ್ಲ, ಆದರೂ ಅವರು ವರ್ಷಗಟ್ಟಲೆ ಮಣ್ಣಿಗಿಳಿಯುತ್ತಾರೆ.

ಭಯದ ಎರಡು ಮುಖ

ಭಯ ಜನರನ್ನು ಎಬ್ಬಿಸುತ್ತದೆ, ಕೂರಿಸಲೂ ಬಲ್ಲದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ, ಬೆಳಗಿನ ವ್ಯಾಯಾಮದ ಬಳಿಕ ಅಸ್ವಸ್ಥರಾಗಿ ತೀರಿಕೊಂಡಾಗ ಕರ್ನಾಟಕದಲ್ಲಿ ಎರಡೂ ಒಟ್ಟಿಗೇ ಕಂಡವು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತಪಾಸಣೆಗೆ ಸಾಲು ಬೆಳೆಯಿತು. ಜಿಮ್ ಅಪಾಯವೇ ಎಂಬ ಅನುಮಾನ ಮನೆಮನೆಗೂ ಹಬ್ಬಿತು. ಬಿರುಸಿನ ಕಸರತ್ತಿಗೆ ಇಳಿಯುವ ಮುನ್ನ ತಪಾಸಣೆ ಮಾಡಿಸಿ, ವ್ಯಾಯಾಮ ಬಿಡಬೇಡಿ ಎಂದು ಹೃದಯತಜ್ಞರು ಹೇಳಿದರು. ಮೊದಲರ್ಧ ಜನಕ್ಕೆ ನೆನಪಿದೆ.

ಯಾರ ಬೆಳಗು?

ಮೇಲಿನ ಪಂಥಗಳೆಲ್ಲ ಒಂದು ಮಾತನ್ನು ಸದ್ದಿಲ್ಲದೆ ಊಹಿಸಿಕೊಂಡಿವೆ: ಬೆಳಗಿನ ಒಂದು ಗಂಟೆ ಅವರವರ ಕೈಯಲ್ಲಿದೆ. ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುತ್ತಿದ್ದದ್ದು ದಿನಕ್ಕೆ 299 ನಿಮಿಷ. ಅದೇ ಕೆಲಸ ಮಾಡುವ ಗಂಡಸರು 97. ಆದರೂ ಹಿಂದೆ ಹೇಳಿದ ಲ್ಯಾನ್ಸೆಟ್ ಅಂದಾಜಿನಲ್ಲಿ ಸಾಕಷ್ಟು ಮೈ ಆಡಿಸದವರು ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಐದು ತಾಸು ದುಡಿದವಳು ಮೈಗಳ್ಳಿ ಎಂದು ದಾಖಲಾಗುವ ಈ ಲೆಕ್ಕದಲ್ಲಿ ಏನೋ ಎಡವಟ್ಟಿದೆ, ಇಲ್ಲವೇ ಅಡುಗೆಮನೆಯ ದುಡಿಮೆ ಮೈಯನ್ನು ದಣಿಸಿದರೂ ಎದೆಯನ್ನು ಬಲಪಡಿಸುವಷ್ಟು ಬಿರುಸಿನದಲ್ಲ. ತಜ್ಞರಲ್ಲಿ ಎರಡನ್ನೂ ಹೇಳುವವರಿದ್ದಾರೆ.

ರೊಟ್ಟಿ ಬಡಿಯುವ ಹೊತ್ತಿಗೆ ವಾಕಿಂಗ್ ಹೋದ ಸೊಸೆಯನ್ನು ಓಣಿ ಏನೆನ್ನುತ್ತದೆ ಎಂಬುದು ಯಾವ ಪ್ರಬಂಧದಲ್ಲೂ ಇಲ್ಲ. ಅವಳಿಗೆ ಬೇಕಿರುವುದು ಹುರುಪಲ್ಲ; ಗೆಳತಿಯರ ಗುಂಪು, ಬೀದಿದೀಪ, ಒಲೆಯ ಮುಂದೆ ಅರ್ಧ ತಾಸು ನಿಲ್ಲುವ ಇನ್ನೊಬ್ಬರು.

ತೀರದ ಲೆಕ್ಕ

ಹಾಗಾದರೆ ಎಲ್ಲಿಗೆ ಬಂದಂತಾಯಿತು? ಒಳಗಿನ ಆಸೆ ಮುಖ್ಯ ಎನ್ನುವವರೂ ಹೊರಗಿನ ಕಟ್ಟುಪಾಡು ಮುಖ್ಯ ಎನ್ನುವವರೂ ತಮ್ಮ ತಮ್ಮ ಪುರಾವೆ ಇಟ್ಟುಕೊಂಡಿದ್ದಾರೆ. ಈ ಲೇಖನದ ಒಲವು ಎರಡನೆಯವರ ಕಡೆಗೆ: ಜಾಗ, ಹೊತ್ತು, ಜೋಡಿ, ಜಾತ್ರೆ ನಾಲ್ಕನ್ನೂ ಕಿತ್ತುಹಾಕಿ, ಉಳಿದದ್ದನ್ನೆಲ್ಲ ಒಬ್ಬನ ಮನೋಬಲದ ಮೇಲೆ ಹೇರಿರುವುದೇ ಇಂದಿನ ತೊಡಕು. ಆದರೆ ಈ ಒಲವಿಗೂ ಗಟ್ಟಿ ಆಧಾರ ಕಡಿಮೆ. ಗರಡಿಯ ಗುಣವಿದ್ದು ಗರಡಿಯ ಬಾಗಿಲು ಮಾತ್ರ ಎಲ್ಲರಿಗೂ ತೆರೆದಿರುವ ಜಾಗವನ್ನು ಕಟ್ಟಬಹುದೇ, ಗೊತ್ತಿಲ್ಲ. ಅರವತ್ತರ ಅಜ್ಜಿಗೆ ಜಾತ್ರೆಯ ಕಣಕ್ಕೆ ಸಮನಾದದ್ದು ಯಾವುದು, ಅದೂ ಗೊತ್ತಿಲ್ಲ. ಭರ್ತಿಯ ಓಟ ಮುಗಿಸಿದ ಹುಡುಗರಲ್ಲಿ ಮೂವತ್ತಕ್ಕೂ ಓಡುತ್ತಿರುವವರು ಎಷ್ಟು, ಅವರನ್ನು ಉಳಿಸಿದ್ದು ಏನು ಎಂಬುದನ್ನೂ ಕೂತು ಲೆಕ್ಕ ಹಾಕಬೇಕಿದೆ.

ಇವೆಲ್ಲ ದೊಡ್ಡ ಯಂತ್ರ ಬೇಡುವ ಪ್ರಶ್ನೆಗಳಲ್ಲ. ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜುಗಳಿವೆ. ಹುಕ್ಕೇರಿ, ಗೋಕಾಕ, ಮೂಡಲಗಿಯ ಹತ್ತು ಹಳ್ಳಿಗಳಲ್ಲಿ ಒಂದೊಂದು ಹಾಜರಿ ಪುಸ್ತಕ ಇಟ್ಟು, ಯಾರು ಬಂದರು, ಯಾರು ಬಿಟ್ಟರು, ಬಿಟ್ಟವರು ಯಾವ ವಾರ ಬಿಟ್ಟರು ಎಂದು ಬರೆಯಲಿ. ಅಮೆರಿಕದ ಆ 54 ಉಪಾಯಗಳ ಪರೀಕ್ಷೆ ನಡೆದದ್ದು ನಾಲ್ಕೇ ವಾರ. ಇಲ್ಲಿ ಒಂದು ಜಾತ್ರೆಯಿಂದ ಮುಂದಿನ ಜಾತ್ರೆಯವರೆಗೆ, ಕಬ್ಬಿನ ಹಂಗಾಮನ್ನೂ ಮಳೆಗಾಲವನ್ನೂ ಸೇರಿಸಿ, ಐವತ್ತೆರಡು ವಾರ ಬರೆಯಬೇಕಾಗುತ್ತದೆ.